ಫ್ಲಾರೆನ್ಸಿನಲ್ಲಿ ಒಂದು ಹಗಲು

ಫ್ಲಾರೆನ್ಸ್ ನಗರವನ್ನು ಒಂದೇ ದಿನದಲ್ಲಿ ನೋಡಿ ಬಂದೆನೆಂದು ಹೇಳಿದರೆ ಬಲ್ಲವರು ನಕ್ಕಾರು. ಅಲ್ಲಿಯ ಒಂದೊಂದು ಚರ್ಚಿಗೂ ಒಂದೊಂದು ದಿನ ಬೇಕು. ಉಫ್ಫೀಜಿ ಚಿತ್ರಶಾಲೆಗೆ ಒಂದು ವಾರವೂ ಸಾಲದು. ಆದರೂ ರೋಮಿನಿಂದ ಬೆಳಗಿನ ರೈಲು ಹತ್ತಿ, ಒಂದೂವರೆ ಗಂಟೆಯಲ್ಲಿ ಅಲ್ಲಿಗೆ ಬಂದು, ಸಂಜೆಯ ರೈಲಿಗೆ ಹಿಂದಿರುಗುವ ಪ್ರವಾಸಿಗರು ಅಸಂಖ್ಯ. ನಾನೂ ಅಂಥವರಲ್ಲಿ ಒಬ್ಬ. ಆದ್ದರಿಂದ ಈ ಭಾಷಣದಲ್ಲಿ ಆ ನಗರದ ಸಮಗ್ರ ವರ್ಣನೆಯನ್ನು ಯಾರೂ ನಿರೀಕ್ಷಿಸಬಾರದು. ಒಂದು ಹಗಲಿನಲ್ಲಿ ನಡೆದ ದಾರಿ, ಆ ದಾರಿಯುದ್ದಕ್ಕೂ ನನ್ನ ಬೆನ್ನು ಹತ್ತಿ ಬಂದ ಒಂದು ಪ್ರಶ್ನೆ, ಇಷ್ಟೇ ಇಲ್ಲಿಯ ವಿಷಯ.

ಊರು ಅಂಥ ದೊಡ್ಡದೇನಲ್ಲ. ಇಟಲಿಯವರು ಅದನ್ನು ಫಿರೆಂಜೆ ಎನ್ನುತ್ತಾರೆ. ಸುತ್ತ ಗುಡ್ಡಗಳು, ನಡುವೆ ಅರ್ನೊ ನದಿ. ಹಳೆಯ ಊರನ್ನು ಕಾಲ್ನಡಿಗೆಯಲ್ಲಿಯೇ ಈ ತುದಿಯಿಂದ ಆ ತುದಿಗೆ ಅರ್ಧ ಗಂಟೆಯೊಳಗೆ ದಾಟಬಹುದು. ಇಷ್ಟು ಚಿಕ್ಕ ಊರು ಯುರೋಪಿನ ಕಲೆಯ ದಿಕ್ಕನ್ನೇ ಬದಲಾಯಿಸಿದ್ದು ಹೇಗೆ ಎಂದರೆ, ಕಾರಣಗಳಲ್ಲಿ ಮೊದಲನೆಯದು ಉಣ್ಣೆ, ಎರಡನೆಯದು ಹಣ. ದೂರದೇಶಗಳಿಂದ ಬಂದ ಉಣ್ಣೆಯನ್ನು ಇಲ್ಲಿ ನೇಯ್ದು, ಬಣ್ಣ ಕಟ್ಟಿ ಮಾರುತ್ತಿದ್ದರು. 1252ರಲ್ಲಿ ಈ ಊರು ಅಚ್ಚುಹಾಕಿದ ಫ್ಲಾರಿನ್ ಎಂಬ ಚಿನ್ನದ ನಾಣ್ಯವನ್ನು ಯುರೋಪಿನ ಪೇಟೆಗಳೆಲ್ಲ ಕಣ್ಣುಮುಚ್ಚಿ ಒಪ್ಪುತ್ತಿದ್ದವು. ಹೀಗಾಗಿ ಇಲ್ಲಿ ಕಲೆಗೆ ಮೊದಲು ಆಶ್ರಯ ಕೊಟ್ಟವರು ರಾಜರಲ್ಲ, ವರ್ತಕರ ಸಂಘಗಳು. ಪ್ರಧಾನ ಚರ್ಚಿನ ಕಟ್ಟಡದ ಹೊಣೆ ಉಣ್ಣೆಯವರ ಸಂಘದ್ದು. ಅದರ ಎದುರಿನ ದೀಕ್ಷಾಸ್ನಾನದ ಮಂದಿರದ ಹೊಣೆ ಬಟ್ಟೆ ವ್ಯಾಪಾರಿಗಳ ಸಂಘದ್ದು. ಲೆಕ್ಕ ಬಲ್ಲವರು ಖರ್ಚು ಮಾಡಿದ ಊರು ಇದು.

ನಮ್ಮ ದಿನ ಆರಂಭವಾದದ್ದು ಆ ದೀಕ್ಷಾಸ್ನಾನದ ಮಂದಿರದ ಮುಂದೆ. ಎಂಟು ಮೂಲೆಯ ಪುರಾತನ ಕಟ್ಟಡ. ಮಹಾಕವಿ ಡಾಂಟೆ ಶಿಶುವಾಗಿದ್ದಾಗ ದೀಕ್ಷಾಸ್ನಾನ ಪಡೆದದ್ದು ಇಲ್ಲಿಯೇ. ಅದರ ಪೂರ್ವದ ಬಾಗಿಲಿನ ಮುಂದೆ ಜನವೋ ಜನ. ಬೈಬಲ್ಲಿನ ಹಳೆಯ ಒಡಂಬಡಿಕೆಯ ಕಥೆಗಳನ್ನು ಹತ್ತು ಕಂಚಿನ ಫಲಕಗಳಲ್ಲಿ ಎರಕಹೊಯ್ದು, ಮೇಲೆ ಚಿನ್ನದ ಮುಲಾಮು ಮಾಡಿದ ಕದಗಳು. ಇವು ಸ್ವರ್ಗದ ಬಾಗಿಲಾಗಲು ತಕ್ಕವು ಎಂದು ಮೈಕೆಲೇಂಜೆಲೊ ಮೆಚ್ಚಿಕೊಂಡನಂತೆ. ಅಂದಿನಿಂದ ಅವಕ್ಕೆ ಸ್ವರ್ಗದ್ವಾರವೆಂದೇ ಹೆಸರು. ನೂಕುನುಗ್ಗಲಿನಲ್ಲಿ ಕಾದು, ಕಡೆಗೂ ಕಂಬಿಯ ಬಳಿ ನಿಲ್ಲಲು ಸ್ಥಳ ಸಿಕ್ಕಿ, ನಾನು ಕಣ್ತುಂಬ ನೋಡುತ್ತಿರುವಾಗ ಕೈಪಿಡಿಯನ್ನು ಓದುತ್ತಿದ್ದ ಮಗಳು ಹೇಳಿದಳು: “ಅಪ್ಪಾ, ಇದು ಅಸಲಿ ಅಲ್ಲವಂತೆ. ನಕಲು.”

ನನಗೆ ಪೆಚ್ಚಾಯಿತು. ಆರು ಸಾವಿರ ಮೈಲಿಗೆ ಕಡಮೆಯಿಲ್ಲದಷ್ಟು ದಾರಿ ಸುತ್ತಿಬಳಸಿ ಬಂದು ನೋಡಿದ್ದು ನಕಲನ್ನೇ? ಅಲ್ಲಿಂದ ಮುಂದೆ ಸಂಜೆಯವರೆಗೂ ಯಾವ ವಸ್ತುವಿನ ಎದುರಿಗೆ ನಿಂತರೂ ಇದು ಮೂಲವೋ ಪ್ರತಿಯೋ ಎಂಬ ಸಂಶಯ. ಮೊದಮೊದಲು ಅದು ಪೀಡೆಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ, ಆ ನಗರವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಕೀಲಿಕೈ ಇಲ್ಲವೇನೋ ಎನ್ನಿಸಿತು.

ಆ ಕದಗಳ ಕಥೆಯನ್ನು ಸ್ವಲ್ಪ ಹೇಳಬೇಕು. 1401ರಲ್ಲಿ ಬಟ್ಟೆ ವ್ಯಾಪಾರಿಗಳ ಸಂಘ ಈ ಮಂದಿರಕ್ಕೆ ಹೊಸ ಕಂಚಿನ ಬಾಗಿಲು ಮಾಡಿಸಲು ಒಂದು ಸ್ಪರ್ಧೆಯನ್ನು ಸಾರಿತು. ಅಬ್ರಹಾಮನು ಮಗನಾದ ಇಸಾಕನನ್ನು ಬಲಿಗೊಡಲು ಹೊರಟ ಪ್ರಸಂಗವನ್ನು ಒಂದು ಫಲಕದಲ್ಲಿ ಮಾಡಿ ತೋರಿಸಬೇಕು. ಸ್ಪರ್ಧಿಗಳಲ್ಲಿ ಇಬ್ಬರು ತರುಣರು ಮುಂದೆ ನಿಂತರು: ಲೊರೆಂಜೊ ಗಿಬರ್ಟಿ ಮತ್ತು ಫಿಲಿಪ್ಪೊ ಬ್ರೂನೆಲೆಸ್ಕಿ. ಇಬ್ಬರಿಗೂ ಇಪ್ಪತ್ತಮೂರು-ಇಪ್ಪತ್ತನಾಲ್ಕರ ಪ್ರಾಯ. ಇಬ್ಬರೂ ಅಕ್ಕಸಾಲೆಯ ಕೆಲಸ ಕಲಿತವರು. ಗೆದ್ದವನು ಗಿಬರ್ಟಿ. ಅವನ ಫಲಕ ಬಹುಮಟ್ಟಿಗೆ ಒಂದೇ ಎರಕದ್ದು. ಅದಕ್ಕೆ ಹಿಡಿದ ಕಂಚೂ ಕಡಮೆ. ತೀರ್ಪು ಕೊಟ್ಟವರು ವರ್ತಕರೆಂಬುದನ್ನು ಮರೆಯಬಾರದು. ಗಿಬರ್ಟಿ ಮೊದಲ ಜೊತೆ ಕದಗಳನ್ನು 1424ರಲ್ಲಿ ಮುಗಿಸಿದ. ಎರಡನೆಯ ಜೊತೆ, ಅಂದರೆ ಈ ಸ್ವರ್ಗದ್ವಾರ, 1425ರಲ್ಲಿ ಒಪ್ಪಂದವಾಗಿ 1452ರಲ್ಲಿ ಮುಗಿಯಿತು. ಎರಡು ಬಾಗಿಲುಗಳಿಗೆ ಒಂದು ಜೀವಮಾನ. ಕದದ ಚೌಕಟ್ಟಿನಲ್ಲಿ ಅವನು ತನ್ನ ತಲೆಯನ್ನೂ ಎರಕಹೊಯ್ದಿಟ್ಟಿದ್ದಾನೆ. ಬೋಳುತಲೆಯ, ಕೊಂಚ ತೃಪ್ತನಾದ ಮುಖ.

ಐದು ಶತಮಾನ ಬಿಸಿಲು ಮಳೆಗೂ, ಕಡೆಯಲ್ಲಿ ಮೋಟಾರು ಹೊಗೆಗೂ ಮೈಯೊಡ್ಡಿದ ಕದಗಳು ಅವು. 1966ರ ಪ್ರವಾಹದಲ್ಲಿ ನೀರಿನ ಹೊಡೆತಕ್ಕೆ ಕೆಲವು ಫಲಕಗಳು ಕಳಚಿಬಿದ್ದವು. ಮುಲಾಮಿನ ಕೆಳಗೆ ಕಂಚು ಕಿಲುಬುಹಿಡಿದು ಚಿನ್ನವನ್ನು ಮೇಲಕ್ಕೆ ದಬ್ಬುತ್ತಿತ್ತು. 1990ರಲ್ಲಿ ಪ್ರತಿಕೃತಿಗಳನ್ನು ಮಂದಿರಕ್ಕೆ ಜೋಡಿಸಿ, ಮೂಲವನ್ನು ಒಳಕ್ಕೆ ಒಯ್ದರು. ಇಪ್ಪತ್ತೇಳು ವರ್ಷಗಳ ಶುದ್ಧೀಕರಣ ಮುಗಿದು 2012ರಲ್ಲಿ ಅವು ಚರ್ಚಿನ ಹಿಂದಿರುವ ವಸ್ತುಸಂಗ್ರಹಾಲಯವನ್ನು ಸೇರಿದವು. ನಾವು ಅಲ್ಲಿಗೂ ಹೋದೆವು. ಗಾಜಿನ ಹಿಂದೆ, ಹದವಾದ ಬೆಳಕಿನಲ್ಲಿ, ಚಿನ್ನ ನಿಜವಾಗಿಯೂ ಉರಿಯುತ್ತಿತ್ತು. ದೂರದ ಮರಗಳನ್ನು ತಗಡಿನಷ್ಟು ತೆಳುವಾಗಿಯೂ, ಹತ್ತಿರದ ಆಕೃತಿಗಳನ್ನು ಗುಂಡಾಗಿ ಹೊರಚಾಚಿದಂತೆಯೂ ಮಾಡಿ, ಒಂದಂಗುಲದ ಆಳದಲ್ಲಿ ಮೈಲಿಗಟ್ಟಲೆ ದೂರವನ್ನು ಹುಟ್ಟಿಸಿದ ಕೌಶಲ ಅಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ. ಆದರೆ ಒಂದು ಮಾತು: ಆ ಬಾಗಿಲಿನ ಮೂಲಕ ಯಾರೂ ಎಲ್ಲಿಗೂ ಹೋಗುವಂತಿಲ್ಲ. ಹೊರಗಿರುವುದು ಮೂಲವಲ್ಲ, ಬಾಗಿಲು. ಒಳಗಿರುವುದು ಮೂಲ, ಬಾಗಿಲಲ್ಲ.

ಸ್ಪರ್ಧೆಯಲ್ಲಿ ಸೋತ ಬ್ರೂನೆಲೆಸ್ಕಿ ಏನಾದ? ತಲೆಯೆತ್ತಿ ನೋಡಿದರೆ ಉತ್ತರ ಸಿಗುತ್ತದೆ. ಪ್ರಧಾನ ಚರ್ಚಿನ ಕೆಂಪು ಗುಮ್ಮಟ ಅವನದು. ಇದನ್ನು ಸ್ಥಳಾಂತರಿಸುವಂತಿಲ್ಲ, ಪ್ರತಿಮಾಡಿ ಒಳಗಿಡುವಂತಿಲ್ಲ. ಆರು ಶತಮಾನಗಳಿಂದ ನಿಂತಲ್ಲಿಯೇ ನಿಂತ ಮೂಲ.

ಚರ್ಚಿನ ಕೆಲಸ ಆರಂಭವಾದದ್ದು 1296ರಲ್ಲಿ. ನೂರಿಪ್ಪತ್ತು ವರ್ಷಗಳಾದ ಮೇಲೂ ಮಧ್ಯದಲ್ಲಿ ಒಂದು ದೊಡ್ಡ ಹಾಳು ಬಾಯಿ ತೆರೆದುಕೊಂಡೇ ಇತ್ತು. ಎಂಟು ಮೂಲೆಯ ಗೋಡೆ ನೂರೈವತ್ತು ಅಡಿಗೂ ಮೇಲೆದ್ದು ನಿಂತಿತ್ತು; ಅದರ ಅಡ್ಡಳತೆಯೂ ಹೆಚ್ಚುಕಡಮೆ ಅಷ್ಟೇ, ಸುಮಾರು 45 ಮೀಟರು. ವಿಜಾಪುರದ ಗೋಳಗುಮ್ಮಟದ ಕೆಳಗೆ ನಿಂತವರಿಗೆ ಈ ಗಾತ್ರದ ಕಲ್ಪನೆಯಾದೀತು. ಅದರ ಮೇಲೆ ಗುಮ್ಮಟವನ್ನು ಕಟ್ಟುವುದು ಹೇಗೆಂಬುದು ಯಾರಿಗೂ ತಿಳಿದಿರಲಿಲ್ಲ. ಕಮಾನು ಕಟ್ಟುವಾಗ ಕೆಳಗೆ ಮರದ ಆಸರೆ ಕೊಡಬೇಕು. ನಮ್ಮ ಮೇಸ್ತ್ರಿಗಳು ಸೆಂಟ್ರಿಂಗ್ ಎನ್ನುತ್ತಾರಲ್ಲ, ಅದು. ಗಾರೆ ಗಟ್ಟಿಯಾಗುವವರೆಗೆ ಭಾರವನ್ನು ಹೊರುವುದು ಅದೇ. ಇಷ್ಟು ದೊಡ್ಡ ಬಾಯಿಗೆ ಆಸರೆ ಕಟ್ಟಲು ಬೇಕಾದ ಮರವನ್ನು ಎಲ್ಲಿಂದ ತರುವುದು? ತಂದರೂ ಆ ಆಸರೆ ತನ್ನ ಭಾರಕ್ಕೆ ತಾನೇ ಕುಸಿಯದೆ ಉಳಿದೀತೆ? ತಮ್ಮ ಅಜ್ಜಂದಿರು ಒಪ್ಪಿಕೊಂಡಿದ್ದ ನಕ್ಷೆಯನ್ನು ಮೊಮ್ಮಕ್ಕಳು ಕಟ್ಟಲಾರದೆ ಕುಳಿತಿದ್ದರು.

1418ರಲ್ಲಿ ಮತ್ತೊಂದು ಸ್ಪರ್ಧೆ. ಆಸರೆಯೇ ಇಲ್ಲದೆ ಕಟ್ಟುತ್ತೇನೆಂದ ಬ್ರೂನೆಲೆಸ್ಕಿ. ಹೇಗೆಂದು ಹೇಳಲು ಒಲ್ಲ. ಆಗ ನಡೆದುದೆಂದು ಹದಿನಾರನೆಯ ಶತಮಾನದ ಚರಿತ್ರಕಾರ ವಸಾರಿ ಒಂದು ಕಥೆ ಹೇಳುತ್ತಾನೆ. ಅಮೃತಶಿಲೆಯ ಮೇಲೆ ಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸಬಲ್ಲವನೇ ಗುಮ್ಮಟ ಕಟ್ಟಲಿ ಎಂದನಂತೆ ಬ್ರೂನೆಲೆಸ್ಕಿ. ಯಾರಿಂದಲೂ ಆಗಲಿಲ್ಲ. ಇವನು ಮೊಟ್ಟೆಯ ತಳವನ್ನು ಮೆಲ್ಲನೆ ಕುಟ್ಟಿ ನಿಲ್ಲಿಸಿದ. “ಇದು ನಮಗೂ ಆಗುತ್ತಿತ್ತು” ಎಂದವರಿಗೆ, “ನನ್ನ ನಕ್ಷೆ ನೋಡಿದ್ದರೆ ಗುಮ್ಮಟವನ್ನೂ ಹೀಗೆಯೇ ಕಟ್ಟಿಬಿಡುತ್ತಿದ್ದಿರಿ” ಎಂದನಂತೆ. ಕೊಲಂಬಸನ ಹೆಸರಿನಲ್ಲಿ ನಾವು ಶಾಲೆಯಲ್ಲಿ ಓದಿದ ಕಥೆ ಇದೇ. ನಡೆಯಿತೋ ಇಲ್ಲವೋ, ಮನುಷ್ಯನ ಸ್ವಭಾವಕ್ಕೆ ಒಪ್ಪುವ ಕಥೆ. ಸಂಘದವರು ಎಚ್ಚರಿಕೆಗೆಂದು ಹಳೆಯ ಪ್ರತಿಸ್ಪರ್ಧಿ ಗಿಬರ್ಟಿಯನ್ನೇ ಅವನ ಜೊತೆಗೆ ಮೇಲ್ವಿಚಾರಕನನ್ನಾಗಿ ನೇಮಿಸಿದರು!

ಅವನ ಉಪಾಯದ ಸಾರ ಹೀಗಿದೆ. ಒಂದರೊಳಗೆ ಒಂದರಂತೆ ಎರಡು ಗುಮ್ಮಟಗಳು. ಒಳಗಿನದು ದಪ್ಪ, ಹೊರಗಿನದು ತೆಳು, ನಡುವೆ ಮೆಟ್ಟಿಲು ಹತ್ತುವಷ್ಟು ಜಾಗ. ಎರಡನ್ನೂ ಬಂಧಿಸುವ ಇಪ್ಪತ್ತನಾಲ್ಕು ಪಕ್ಕೆಲುಬುಗಳು. ಗುಮ್ಮಟ ಹೊರಕ್ಕೆ ಬಿರಿಯದಂತೆ, ಪೀಪಾಯಿಗೆ ಪಟ್ಟಿ ಬಿಗಿದ ಹಾಗೆ, ಸುತ್ತಲೂ ಕಬ್ಬಿಣದಿಂದ ಬೆಸೆದ ಕಲ್ಲಿನ ಸರಪಣಿಗಳು, ಒಂದು ಮರದ ಸರಪಣಿ. ಇವೆಲ್ಲಕ್ಕಿಂತ ಸೋಜಿಗ ಇಟ್ಟಿಗೆಯ ಕೆಲಸ. ಮೇಲೆ ಹೋದಂತೆ ಗೋಡೆ ಒಳಕ್ಕೆ ಬಾಗುತ್ತದೆ. ಹಸಿ ಗಾರೆಯ ಮೇಲಿಟ್ಟ ಇಟ್ಟಿಗೆ ಜಾರಿ ಒಳಕ್ಕೆ ಬೀಳಬೇಕು. ಅದನ್ನು ತಡೆಯಲು ಅವನು ಮಲಗಿಸಿದ ಇಟ್ಟಿಗೆಗಳ ನಡುನಡುವೆ ಒಂದೊಂದು ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. ನಿಂತ ಇಟ್ಟಿಗೆ ಮೇಲಿನ ವರಸೆಗೂ ಚಾಚಿಕೊಂಡು, ಮಲಗಿದ ಇಟ್ಟಿಗೆಗಳನ್ನು ಎರಡು ಕಡೆಯಿಂದಲೂ ಹಲ್ಲಿನಂತೆ ಕಚ್ಚಿ ಹಿಡಿಯುತ್ತದೆ. ವರಸೆಯಿಂದ ವರಸೆಗೆ ಅದು ಓರೆಯಾಗಿ ಏರುತ್ತ ಮೀನಿನ ಮುಳ್ಳಿನ ವಿನ್ಯಾಸವಾಗುತ್ತದೆ. ಒಂದು ವರಸೆ ಸುತ್ತಿ ಬಂದು ಕೂಡಿಕೊಂಡಿತೆಂದರೆ ಅದು ಉಂಗುರವಾಯಿತು. ಒಳಕ್ಕೆ ಬೀಳಲು ಅದಕ್ಕೆ ದಾರಿಯಿಲ್ಲ. ಅಂದರೆ ಕಟ್ಟುವಾಗಲೇ ಪ್ರತಿ ದಿನವೂ ಗುಮ್ಮಟ ತನ್ನನ್ನು ತಾನು ಹೊತ್ತುಕೊಂಡಿತು.

ಸಾಮಾನನ್ನು ಮೇಲೇರಿಸಲು ಅವನು ಮಾಡಿದ ಯಂತ್ರವನ್ನು ಎತ್ತುಗಳು ತಿರುಗಿಸುತ್ತಿದ್ದವು. ಎತ್ತುವುದಕ್ಕೂ ಇಳಿಸುವುದಕ್ಕೂ ಎತ್ತುಗಳ ನೊಗ ಬಿಚ್ಚಿ ತಿರುಗಿಸಬೇಕಾಗಿಲ್ಲ. ಹಲ್ಲುಚಕ್ರವನ್ನು ಬದಲಿಸಿದರೆ ಸಾಕು. ಕೂಲಿಯವರು ಊಟಕ್ಕೆ ಇಳಿದು ಹತ್ತುವುದರಲ್ಲಿ ಹೊತ್ತು ಕಳೆಯುತ್ತದೆಂದು ಮೇಲೆಯೇ ಅಡುಗೆಯ ಏರ್ಪಾಡು ಮಾಡಿದನೆಂದು ವಸಾರಿ ಬರೆಯುತ್ತಾನೆ. 1420ರಲ್ಲಿ ಆರಂಭವಾದ ಕೆಲಸ ಹದಿನಾರು ವರ್ಷಗಳಲ್ಲಿ, ನಲವತ್ತು ಲಕ್ಷ ಇಟ್ಟಿಗೆಗಳಲ್ಲಿ ಮುಗಿಯಿತು. ಮೇಲಕ್ಕೆ 463 ಮೆಟ್ಟಿಲು. ಮಗಳು ಹತ್ತಿದಳು. ನನ್ನ ಮೊಣಕಾಲುಗಳ ಅಭಿಪ್ರಾಯ ಬೇರೆಯಿತ್ತು. ನಾನು ಕೆಳಗೆ ಕುಳಿತು, ಚರ್ಚಿನ ಹಿಂದಣ ಚೌಕದ ನೆಲದಲ್ಲಿ ಒಂದು ಬಿಳಿಯ ಅಮೃತಶಿಲೆಯ ವೃತ್ತವನ್ನು ನೋಡುತ್ತಿದ್ದೆ. ಗುಮ್ಮಟದ ತುದಿಗೆ 1471ರಲ್ಲಿ ಏರಿಸಿದ್ದ ತಾಮ್ರದ ಗೋಳ 1600ರಲ್ಲಿ ಸಿಡಿಲು ಬಡಿದು ಬಿದ್ದ ಸ್ಥಳವದು. ಈಗ ಮೇಲಿರುವುದು 1602ರ ಗೋಳ. ಮೂಲವಾದ ಗುಮ್ಮಟದ ಮೇಲೂ ಒಂದು ಬದಲಿ!

ಅಲ್ಲಿಂದ ದಕ್ಷಿಣಕ್ಕೆ ಐದಾರು ನಿಮಿಷ ನಡೆದರೆ ಸಿನ್ಯೋರಿಯಾ ಚೌಕ. ಊರಿನ ರಾಜಕೀಯವೆಲ್ಲ ನಡೆದ ಬಯಲು. ಧರ್ಮಾವೇಶದಿಂದ ಊರನ್ನಾಳಿ, ಚಿತ್ರ, ಕನ್ನಡಿ, ಜೂಜಿನ ಪಗಡೆಗಳನ್ನು 1497ರಲ್ಲಿ ಇಲ್ಲಿ ಸುಡಿಸಿದ ಸನ್ಯಾಸಿ ಸವೊನರೋಲನನ್ನು ಮರುವರ್ಷ ಇಲ್ಲಿಯೇ ನೇಣುಹಾಕಿ ಸುಟ್ಟರು. ಹಳೆಯ ಅರಮನೆಯ ಬಾಗಿಲಲ್ಲಿ ಹದಿನೇಳು ಅಡಿ ಎತ್ತರದ ದಾವಿದ ನಿಂತಿದ್ದಾನೆ. ಇವನೂ ಪ್ರತಿಯೇ. ಇಲ್ಲಿ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಬೇರೊಬ್ಬ ಶಿಲ್ಪಿ ಕೆಡಿಸಿ ಬಿಟ್ಟಿದ್ದ, ದಶಕಗಳ ಕಾಲ ಅನಾಥವಾಗಿ ಬಿದ್ದಿದ್ದ ಅಮೃತಶಿಲೆಯ ಬಂಡೆಯಲ್ಲಿ ಮೈಕೆಲೇಂಜೆಲೊ 1501ರಿಂದ 1504ರವರೆಗೆ ಇದನ್ನು ಕಡೆದ. ಉದ್ದೇಶಿಸಿದ್ದ ಸ್ಥಳ ಪ್ರಧಾನ ಚರ್ಚಿನ ಮೇಲ್ಭಾಗ. ಆದರೆ ವಿಗ್ರಹವನ್ನು ಕಂಡವರಿಗೆ ಇದನ್ನು ಅಷ್ಟು ಎತ್ತರದಲ್ಲಿ ಕಳೆಯಲು ಮನಸ್ಸಾಗಲಿಲ್ಲ. 1504ರ ಜನವರಿಯಲ್ಲಿ ಒಂದು ಸಮಿತಿ ಕೂಡಿತು; ಅದರಲ್ಲಿ ಲಿಯೊನಾರ್ಡೊ ಇದ್ದ, ಬಾಟಿಚೆಲ್ಲಿ ಇದ್ದ. ಕಲ್ಲು ಮೃದುವಾಗಿದೆ, ಮಳೆಗಾಳಿಗೆ ಕೆಡುತ್ತದೆ, ಪಕ್ಕದ ಕಮಾನುಗಳ ಸೂರಿನ ಕೆಳಗಿಡಬೇಕೆಂದು ಕೆಲವರು ವಾದಿಸಿದರು. ಲಿಯೊನಾರ್ಡೊ ಕೂಡ ಆ ಪಕ್ಷ. ಕಡೆಗೆ ಗೆದ್ದದ್ದು ಕಲ್ಲಿನ ಕ್ಷೇಮವಲ್ಲ, ವಿಗ್ರಹದ ಅರ್ಥ. ಹತ್ತು ವರ್ಷಗಳ ಹಿಂದೆ ಮೆಡಿಚಿ ಮನೆತನವನ್ನು ಹೊರಗಟ್ಟಿದ್ದ ಗಣರಾಜ್ಯ, ದೈತ್ಯನನ್ನು ಕವಣೆಯಿಂದ ಕೆಡಹಿದ ಹುಡುಗನನ್ನು ತನ್ನ ಸರಕಾರದ ಬಾಗಿಲಲ್ಲಿ ನಿಲ್ಲಿಸಿಕೊಂಡಿತು. 1527ರ ದಂಗೆಯಲ್ಲಿ ಅವನ ಎಡಗೈ ಮುರಿಯಿತು. ಮುನ್ನೂರ ಅರವತ್ತೊಂಬತ್ತು ವರ್ಷ ಮಳೆಯಲ್ಲಿ ನೆನೆದ ಮೇಲೆ, 1873ರಲ್ಲಿ ಮೂಲವನ್ನು ಅಕಾಡೆಮಿಯ ಒಳಗೆ ಒಯ್ದರು. ಈ ಪ್ರತಿ ಬಂದದ್ದು 1910ರಲ್ಲಿ.

ನಾವು ಅಕಾಡೆಮಿಗೆ ಹೋಗಲಿಲ್ಲ. ಹೊತ್ತಿರಲಿಲ್ಲವೆಂಬುದು ಒಂದು ಕಾರಣ. ಮಗಳು ಇಂದಿಗೂ ಅದನ್ನು ಕ್ಷಮಿಸಿಲ್ಲ. ನನ್ನ ಸಮಾಧಾನ ಇಷ್ಟು: ಶಿಲ್ಪಿಯ ಉಳಿಯ ಗುರುತು ಅಲ್ಲಿದೆ, ಊರು ಆ ವಿಗ್ರಹದಿಂದ ಆಡಿಸಿದ ಮಾತು ಇಲ್ಲಿದೆ. ಎರಡರಲ್ಲಿ ಒಂದನ್ನೇ ಆರಿಸಬೇಕಾದಾಗ ನಾನು ಮಾತನ್ನು ಆರಿಸಿದೆ. ಕಲಾವಿಮರ್ಶಕರು ಇದನ್ನು ಒಪ್ಪಲಾರರು.

ಚೌಕದ ಪಕ್ಕದಲ್ಲೇ ಉಫ್ಫೀಜಿ. ಹೆಸರಿನ ಅರ್ಥ ಕಚೇರಿಗಳು ಎಂದು. ಹಿಂದಿರುಗಿ ಬಂದು ಪ್ರಭುಗಳೇ ಆಗಿಬಿಟ್ಟ ಮೆಡಿಚಿಗಳು ತಮ್ಮ ಆಡಳಿತದ ಕಚೇರಿಗಳಿಗಾಗಿ 1560ರಲ್ಲಿ ವಸಾರಿಯಿಂದ ಕಟ್ಟಿಸಲಾರಂಭಿಸಿದ ಕಟ್ಟಡ. ಇಲ್ಲಿಯ ಚಿತ್ರಗಳನ್ನು ಕುರಿತು ಹೇಳುವುದಿಲ್ಲ; ಎರಡು ಗಂಟೆಯಲ್ಲಿ ನೋಡಿದ್ದನ್ನು ಎರಡು ನಿಮಿಷದಲ್ಲಿ ಹೇಳಿದರೆ ಪಟ್ಟಿಯಾದೀತು. ಬಾಟಿಚೆಲ್ಲಿಯ ‘ವೀನಸ್ಸಿನ ಜನನ’ದ ಎದುರಿಗೆ ಮೊಬೈಲುಗಳನ್ನೆತ್ತಿ ಹಿಡಿದ ಕೈಗಳ ಕಾಡಿನ ನಡುವೆ ನನಗೆ ಕಂಡದ್ದು ಸಮುದ್ರದ ಮೇಲೆ ಉದುರುತ್ತಿದ್ದ ಕೆಲವು ಗುಲಾಬಿಗಳು ಮಾತ್ರ. ನೆನೆಯಬೇಕಾದದ್ದು ಒಬ್ಬ ಹೆಂಗಸನ್ನು. ಅನ್ನಾ ಮರಿಯಾ ಲೂಯಿಸಾ ಮೆಡಿಚಿ ವಂಶದ ಕಡೆಯ ಕುಡಿ, ಮಕ್ಕಳಿಲ್ಲ. ರಾಜ್ಯ ಪರರ ಪಾಲಾಗುವುದು ಖಚಿತವಾದಾಗ, 1737ರಲ್ಲಿ ಹೊಸ ಪ್ರಭುಮನೆತನದೊಡನೆ ಆಕೆ ಒಂದು ಒಪ್ಪಂದ ಮಾಡಿಕೊಂಡಳು. ಮನೆತನ ಸಂಗ್ರಹಿಸಿದ ಚಿತ್ರ, ವಿಗ್ರಹ, ಗ್ರಂಥ, ಒಡವೆಗಳೆಲ್ಲ ಅವರಿಗೆ ಸೇರಲಿ. ಆದರೆ ರಾಜ್ಯದ ಅಲಂಕಾರಕ್ಕೂ ಜನರ ಉಪಯೋಗಕ್ಕೂ ಪರದೇಶದವರ ಕುತೂಹಲಕ್ಕೂ ಮೀಸಲಾದ ಇದಾವುದೂ ಈ ನೆಲವನ್ನು ಬಿಟ್ಟು ಕದಲಕೂಡದು. ಪ್ರವಾಸೋದ್ಯಮವೆಂಬ ಮಾತು ಹುಟ್ಟುವ ಮೊದಲೇ ಪರದೇಶದ ಪ್ರವಾಸಿಗಳನ್ನು ಕರಾರಿನಲ್ಲಿ ಬರೆಸಿದ ಆಕೆಯಿಂದಾಗಿ ನಾವು ಅಲ್ಲಿದ್ದೆವು. 1993ರ ಮೇ 27ರಂದು ಕೊಲೆಗಡುಕರ ಸಂಘವಾದ ಮಾಫಿಯಾ ಈ ಕಟ್ಟಡದ ಹಿಂದಣ ಓಣಿಯಲ್ಲಿ ಸಿಡಿಸಿದ ಬಾಂಬು ಐವರನ್ನು ಬಲಿತೆಗೆದುಕೊಂಡಿತು, ಚಿತ್ರಶಾಲೆಗೂ ಘಾಸಿಯಾಯಿತು. ಕದಲಿಸದೆ ಕಾಪಾಡುವುದೆಂದರೆ ಸಾಮಾನ್ಯವಲ್ಲ.

ಮಧ್ಯಾಹ್ನದ ಊಟಕ್ಕೆ ತರಕಾರಿ, ಹುರುಳಿಯಂಥ ಕಾಳು, ತಂಗಳು ರೊಟ್ಟಿ ಹಾಕಿ ಕುದಿಸಿದ ಗಟ್ಟಿ ಸಾರು. ರಿಬೊಲ್ಲಿತಾ ಎನ್ನುತ್ತಾರೆ, ಮತ್ತೆ ಕುದಿಸಿದ್ದು ಎಂದರ್ಥ. ಚೆನ್ನಾಗಿತ್ತು. ಜೊತೆಗೆ ಕೊಟ್ಟ ರೊಟ್ಟಿಯಲ್ಲಿ ಮಾತ್ರ ಉಪ್ಪೇ ಇಲ್ಲ. ಮರೆತರೇನೋ ಎಂದುಕೊಂಡೆ, ಇಲ್ಲ, ಆ ಸೀಮೆಯ ರೊಟ್ಟಿಯೇ ಹಾಗೆ. ಈ ರೊಟ್ಟಿಯ ವಿಷಯ ಮುಂದೆ ಬೇಕಾಗುತ್ತದೆ.

ಅಲ್ಲಿಂದ ಪೂರ್ವಕ್ಕೆ, ಸಾಂತಾ ಕ್ರೋಚೆ ಚರ್ಚಿನ ಕಡೆಗೆ. ದಾರಿಯಲ್ಲಿ ಸಾನ್ ರೆಮೀಜಿಯೊ ಎಂಬ ಇಕ್ಕಟ್ಟಾದ ಬೀದಿಯ ಗೋಡೆಯಲ್ಲಿ ಎರಡು ಕಲ್ಲುಗಳಿವೆ. ಒಂದರಲ್ಲಿ, ಇಲ್ಲಿಯವರೆಗೆ ಎಂದು ನೀರಿನ ಅಲೆಗೆ ಬೆರಳು ತೋರುವ ಒಂದು ಕೈ. ಅದು 1333ರ ನವೆಂಬರ್ 4ರ ಪ್ರವಾಹದ ಗುರುತು. ಅದಕ್ಕೂ ಮೇಲೆ ಇನ್ನೊಂದು. ಅದು 1966ರ ನವೆಂಬರ್ 4ರದು. ಆರುನೂರ ಮೂವತ್ತಮೂರು ವರ್ಷಗಳ ಅಂತರ, ದಿನಾಂಕ ಅದೇ! ಅವುಗಳ ಕೆಳಗೆ ನಿಂತು ಕೈಯೆತ್ತಿದರೆ ಎಷ್ಟು ಎತ್ತಿದರೂ ನೀರು ಇನ್ನೂ ಮೇಲಿದೆ. 1966ರಲ್ಲಿ ಸಾಂತಾ ಕ್ರೋಚೆಯ ಸುತ್ತಮುತ್ತ ನೀರು ಆರು ಮೀಟರಿಗೂ ಹೆಚ್ಚು ಏರಿತು. ಬರಿಯ ನೀರಲ್ಲ, ಚಳಿಗಾಲಕ್ಕೆಂದು ಮನೆಮನೆಯ ನೆಲಮಾಳಿಗೆಯಲ್ಲಿ ತುಂಬಿಸಿದ್ದ ಉರುವಲೆಣ್ಣೆ ಬೆರೆತ ಕಪ್ಪು ಕೆಸರು. ನಗರದಲ್ಲೂ ಸುತ್ತಣ ಊರುಗಳಲ್ಲೂ ಮೂವತ್ತೈದು ಮಂದಿ ಸತ್ತರು. ನದಿಯ ದಡದಲ್ಲಿದ್ದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಲಕ್ಷಾಂತರ ಪುಸ್ತಕಗಳು ಮುಳುಗಿದವು. ದೇಶದೇಶಗಳಿಂದ ಬಂದ ಹುಡುಗ ಹುಡುಗಿಯರು ಸಾಲಾಗಿ ನಿಂತು, ಕೆಸರಿನಲ್ಲಿ ಅದ್ದಿದ ಗ್ರಂಥಗಳನ್ನು ಕೈಯಿಂದ ಕೈಗೆ ಸಾಗಿಸಿದರು. ಊರು ಅವರನ್ನು ಕೆಸರಿನ ದೇವದೂತರೆಂದು ಕರೆಯಿತು.

ಆ ದಿನ ಸಾಂತಾ ಕ್ರೋಚೆಯಲ್ಲಿ ನೀರಿಗೆ ಸಿಕ್ಕಿದ್ದು ಚಿಮಬೂ ಎಂಬ ಹಿರಿಯ ಚಿತ್ರಕಾರನ ಶಿಲುಬೆ. ಹದಿಮೂರನೆಯ ಶತಮಾನದ ಕೃತಿ. ಹದಿನಾಲ್ಕು ಅಡಿಗೂ ಎತ್ತರವಾದ ಮರದ ಶಿಲುಬೆಯ ಮೇಲೆ ಬರೆದ ಕ್ರಿಸ್ತನ ಚಿತ್ರ. ಇಟಲಿಯ ಚಿತ್ರಕಲೆ ಬಿಗಿದ ಹಳೆಯ ಪದ್ಧತಿಯಿಂದ ನರಳುವ ಮನುಷ್ಯದೇಹದ ಕಡೆಗೆ ತಿರುಗಿದ ಘಳಿಗೆ ಅದರಲ್ಲಿದೆ ಎನ್ನುತ್ತಾರೆ. ನೆರೆ ಇಳಿದಾಗ ಬಣ್ಣದಲ್ಲಿ ಸುಮಾರು ನೂರಕ್ಕೆ ಅರವತ್ತು ಪಾಲು ಹೋಗಿತ್ತು. ಮುಖದ ಭಾಗ, ಎದೆ, ಹೊಟ್ಟೆ ಬರಿಯ ಮರವಾಗಿದ್ದವು. ಈಗ ಏನು ಮಾಡಬೇಕು? ಹಳೆಯ ಛಾಯಾಚಿತ್ರಗಳಿದ್ದವು, ನುರಿತ ಕೈಗಳಿದ್ದವು, ಹೋದದ್ದನ್ನು ಮತ್ತೆ ಬರೆಯಬಹುದಿತ್ತು. ಉಂಬರ್ಟೊ ಬಾಲ್ದಿನಿ ಮತ್ತು ಅವರ ಸಹೋದ್ಯೋಗಿ ಒರ್ನೆಲ್ಲಾ ಕಸಾತ್ಸಾ ಹಾಗೆ ಮಾಡಲಿಲ್ಲ. ಉಳಿದ ಬಣ್ಣವನ್ನು ಗಟ್ಟಿಮಾಡಿ, ಹೋದ ಕಡೆಯಲ್ಲಿ ಆಕೃತಿಯನ್ನು ಬರೆಯದೆ, ಸುತ್ತಣ ಬಣ್ಣಗಳನ್ನೇ ಹೆಣೆದಂಥ ತೆಳ್ಳನೆಯ ಗೆರೆಗಳನ್ನು ಮಾತ್ರ ತುಂಬಿದರು. ದೂರದಿಂದ ಕಣ್ಣಿಗೆ ಆಘಾತವಾಗುವುದಿಲ್ಲ. ಹತ್ತಿರ ಹೋದರೆ ಇಲ್ಲಿ ಇದ್ದದ್ದು ಹೋಯಿತು ಎಂಬುದು ಸ್ಪಷ್ಟ. ಹತ್ತು ವರ್ಷಗಳ ಮೇಲೆ, 1976ರಲ್ಲಿ, ಶಿಲುಬೆ ಹಿಂದಿರುಗಿತು.

ಅದರ ಕೆಳಗೆ ನಿಂತಾಗ ನನಗೆ ನೆನಪಾದದ್ದು ನನ್ನದೇ ಕಸುಬು. ಓಲೆಗರಿಯ ಪ್ರತಿಗಳನ್ನು ಸಂಪಾದಿಸುವಾಗ ಹುಳು ತಿಂದ, ಗರಿ ಮುರಿದ ಎಡೆಗಳು ಬರುತ್ತವೆ. ಗ್ರಂಥಪಾತ ಎನ್ನುತ್ತೇವೆ. ಛಂದಸ್ಸು ಬಲ್ಲವನಿಗೆ ಅಲ್ಲಿ ಹೊಂದುವ ಒಂದು ಪದವನ್ನು ಹೊಸೆದು ಸೇರಿಸುವುದು ಕಷ್ಟವಲ್ಲ. ತರುಣನಾಗಿದ್ದಾಗ ನಾನೂ ಒಂದೆರಡು ಬಾರಿ ಆ ಆಸೆಗೆ ಬಿದ್ದು, ಗುರುಗಳಿಂದ ಬೈಸಿಕೊಂಡಿದ್ದೇನೆ. ಪ್ರಾಮಾಣಿಕ ಸಂಪಾದಕ ಅಲ್ಲಿ ಚುಕ್ಕೆಗಳನ್ನಿಟ್ಟು ಮುಂದೆ ಹೋಗುತ್ತಾನೆ. ಆ ಶಿಲುಬೆಯ ಮೇಲೆ ನಾನು ಕಂಡದ್ದು ಅದೇ ಚುಕ್ಕೆಗಳನ್ನು. ಇನ್ನೊಂದೂ ಹೊಳೆಯಿತು. ಪಂಪನ ಕೈಯಿಂದಲೇ ಬರೆದ ಓಲೆಯನ್ನು ನಮ್ಮಲ್ಲಿ ಯಾರೂ ಕಂಡವರಿಲ್ಲ. ಪ್ರತಿಯ ಪ್ರತಿಯ ಪ್ರತಿಯನ್ನೇ ಓದಿ ನಾವು ಪಂಪನನ್ನು ಕಂಡೆವೆನ್ನುತ್ತೇವೆ. ಹಾಗಿರುವಾಗ ಬೆಳಗ್ಗೆ ಕಂಚಿನ ಬಾಗಿಲಿನ ಮುಂದೆ ನಾನೇಕೆ ಅಷ್ಟು ಪೆಚ್ಚಾಗಬೇಕಿತ್ತು? ಕಾವ್ಯಕ್ಕೆ ಪ್ರತಿ ಸಾಕು, ಕಂಚಿಗೆ ಸಾಲದು ಎಂಬ ಭೇದವಿರಬಹುದು. ಅದನ್ನು ನಾನಿನ್ನೂ ಬಗೆಹರಿಸಿಕೊಂಡಿಲ್ಲ.

ಅದೇ ಚರ್ಚಿನಲ್ಲಿ ಮೈಕೆಲೇಂಜೆಲೊ, ಮೆಕಿಯಾವೆಲ್ಲಿ, ಗೆಲಿಲಿಯೊ ಇವರ ಸಮಾಧಿಗಳಿವೆ. ಗೆಲಿಲಿಯೊ ತೀರಿಕೊಂಡದ್ದು 1642ರಲ್ಲಿ. ಧರ್ಮಪೀಠದ ಶಿಕ್ಷೆಗೆ ಗುರಿಯಾದವನಾದ್ದರಿಂದ ತಕ್ಕ ಸಮಾಧಿಗೆ 1737ರವರೆಗೆ ಕಾಯಬೇಕಾಯಿತು. ಅವುಗಳ ನಡುವೆ ಭವ್ಯವಾದ ಇನ್ನೊಂದು ಸಮಾಧಿಯಿದೆ, 1829ರದು. ಮೇಲೆ ಡಾಂಟೆಯ ಮೂರ್ತಿ. ಒಳಗೆ ಯಾ­ರೂ ಇಲ್ಲ. ವಿದ್ವಾಂಸರ ಲ್ಯಾಟಿನನ್ನು ಬಿಟ್ಟು ತನ್ನ ಜನದ ಆಡುನುಡಿಯಲ್ಲಿ ಮಹಾಕಾವ್ಯ ಬರೆದು ಇಟಲಿಗೆ ಒಂದು ಭಾಷೆಯನ್ನೇ ಕೊಟ್ಟ ಕವಿಯನ್ನು ಈ ಊರು 1302ರಲ್ಲಿ ರಾಜಕೀಯ ದ್ವೇಷದಿಂದ ಗಡೀಪಾರು ಮಾಡಿತು. ಹಿಡಿದರೆ ಸುಡಬೇಕೆಂದು ತೀರ್ಪಾಯಿತು. ಅವನು ಮತ್ತೆ ಊರನ್ನು ಕಾಣದೆ 1321ರಲ್ಲಿ ರವೆನ್ನದಲ್ಲಿ ತೀರಿಕೊಂಡ. ಪರರ ಮನೆಯ ರೊಟ್ಟಿಯ ಉಪ್ಪನ್ನು ಅವನು ತನ್ನ ಕಾವ್ಯದಲ್ಲಿ ನೆನೆಯುತ್ತಾನೆ. ಉಪ್ಪಿಲ್ಲದ ರೊಟ್ಟಿಯ ಊರಿನಲ್ಲಿ ಮಧ್ಯಾಹ್ನ ಉಂಡವನಿಗೆ ಆ ಮಾತು ಅಲಂಕಾರವಾಗಿ ಉಳಿಯುವುದಿಲ್ಲ. ಆಮೇಲೆ ಫ್ಲಾರೆನ್ಸಿನವರು ಅವನ ಅಸ್ಥಿಯನ್ನು ಬೇಡಿದರು. 1519ರಲ್ಲಿ ಪೋಪನೇ ಅಪ್ಪಣೆ ಕೊಟ್ಟ. ರವೆನ್ನದ ಸನ್ಯಾಸಿಗಳು ಅಸ್ಥಿಯನ್ನು ಬಚ್ಚಿಟ್ಟುಬಿಟ್ಟರು. ಅದು ಮತ್ತೆ ಸಿಕ್ಕಿದ್ದು 1865ರಲ್ಲಿ, ರವೆನ್ನದಲ್ಲಿಯೇ. 2008ರಲ್ಲಿ ಫ್ಲಾರೆನ್ಸಿನ ನಗರಸಭೆ ಗಡೀಪಾರಿನ ಶಿಕ್ಷೆಯನ್ನು ಮತಹಾಕಿ ರದ್ದುಮಾಡಿತು. ಆರಿಸಿ ಕಳುಹಿಸಿದವರಲ್ಲಿ ಕೆಲವರು ಆಗಲೂ ವಿರೋಧವಾಗಿ ಮತ ಹಾಕಿದರಂತೆ! ರವೆನ್ನದ ಸಮಾಧಿಯಲ್ಲಿ ಉರಿಯುವ ದೀಪಕ್ಕೆ ವರ್ಷವರ್ಷವೂ ಎಣ್ಣೆ ಒಯ್ದುಕೊಡುವವರು ಫ್ಲಾರೆನ್ಸಿನವರು. ಮೂಲ ಬೇರೆ ಊರಿನಲ್ಲಿ. ಎಣ್ಣೆ ಮಾತ್ರ ಇಲ್ಲಿಯದು.

ಬಿಸಿಲು ಇಳಿಯುವ ಹೊತ್ತಿಗೆ ನದಿಯ ದಡವನ್ನು ಹಿಡಿದು ಪಶ್ಚಿಮಕ್ಕೆ ನಡೆದೆವು. ಮೊದಲು ಸಿಗುವುದು ಹಳೆಯ ಸೇತುವೆ, ಪೊಂತೆ ವೆಕ್ಕಿಯೊ. 1333ರ ನೆರೆಯಲ್ಲಿ ಕೊಚ್ಚಿಹೋದುದರ ಬದಲಿಗೆ 1345ರಲ್ಲಿ ಕಟ್ಟಿದ್ದು. ಇಕ್ಕೆಲದಲ್ಲಿ ಅಂಗಡಿಗಳು, ಮೊದಲು ಕಸಾಯಿಯವರವು, ದುರ್ವಾಸನೆ ತಾಳದೆ ಪ್ರಭು 1593ರಲ್ಲಿ ಅವರನ್ನೆಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಿದ. 1944ರ ಆಗಸ್ಟಿನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಊರಿನ ಸೇತುವೆಗಳನ್ನೆಲ್ಲ ಸಿಡಿಸಿ, ಇದೊಂದನ್ನು ಉಳಿಸಿತು; ಉಳಿಸಿದ್ದಕ್ಕೆ ಪರಿಹಾರವೆಂಬಂತೆ ಅದರ ಎರಡೂ ತುದಿಯ ಮಧ್ಯಯುಗದ ಮನೆಗಳನ್ನು ಉರುಳಿಸಿ ದಾರಿ ಕಟ್ಟಿತು. ಆ ಮನೆಗಳಿದ್ದಲ್ಲಿ ಯುದ್ಧಾನಂತರ ಎದ್ದ ಕಟ್ಟಡಗಳು ಹಳೆಯವೂ ಅಲ್ಲ, ಹೊಸತಾಗುವ ಧೈರ್ಯವೂ ಇಲ್ಲ. ಊರಿನಲ್ಲಿ ನಾನು ಕಂಡ ಅತ್ಯಂತ ನಿಸ್ತೇಜವಾದ ನೋಟ ಅದು.

ಅದರ ಮುಂದಿನ ಸೇತುವೆಯ ಕಥೆ ಬೇರೆ. ಸಾಂತಾ ತ್ರಿನಿತಾ ಎಂದು ಅದರ ಹೆಸರು. ಅಮ್ಮನಾತಿ 1567ರಿಂದ 1569ರವರೆಗೆ ಕಟ್ಟಿದ ಮೂರು ಕಮಾನುಗಳು. ಎರಡು ತುದಿ ಹಿಡಿದು ಜೋಲುಬಿಟ್ಟ ಸರಪಣಿಯನ್ನು ತಲೆಕೆಳಗು ಮಾಡಿದಂಥ ಬಾಗು. ಅದೂ 1944ರಲ್ಲಿ ನೀರಿಗೆ ಬಿತ್ತು. ಜನ ಪಟ್ಟುಹಿಡಿದರು: ಇದ್ದಲ್ಲಿಯೇ, ಇದ್ದ ಹಾಗೆಯೇ ಬೇಕು. ನದಿಯ ತಳದಿಂದ ಕಲ್ಲುಗಳನ್ನು ಎತ್ತಿದರು. ಸಾಲದ ಕಲ್ಲಿಗೆ ಬೊಬೊಲಿ ಉದ್ಯಾನದಲ್ಲಿದ್ದ ಹಳೆಯ ಗಣಿಯನ್ನು ಮತ್ತೆ ತೆರೆದರು. 1958ರಲ್ಲಿ ಸೇತುವೆ ಎದ್ದು ನಿಂತಿತು. ನಾಲ್ಕು ಮೂಲೆಯ ನಾಲ್ಕು ಋತುಗಳ ವಿಗ್ರಹಗಳೂ ನೀರಿನಿಂದ ಬಂದವು. ವಸಂತಲಕ್ಷ್ಮಿಯ ತಲೆಯೊಂದು ಮಾತ್ರ ಇಲ್ಲ. ಬಹುಮಾನ ಸಾರಿದರು, ಹುಡುಕಿದರು, ಸಿಗಲಿಲ್ಲ. 1961ರಲ್ಲಿ ಹೂಳೆತ್ತುತ್ತಿದ್ದ ಯಂತ್ರಕ್ಕೆ ಅದು ಸಿಕ್ಕಿತು. ಈಗ ಅದು ಕೊರಳ ಮೇಲಿದೆ. ಈ ಸೇತುವೆಯನ್ನು ಮೂಲವೆನ್ನೋಣವೇ, ಪ್ರತಿಯೆನ್ನೋಣವೇ? ಕಲ್ಲು ಬಹುಪಾಲು ಅದೇ, ರೂಪ ಅದೇ, ಸ್ಥಳ ಅದೇ; ಕಟ್ಟಿದ ಕೈ ಬೇರೆ. ಮಗಳನ್ನು ಕೇಳಿದೆ. ಅವಳು ಕಟ್ಟೆಯ ಮೇಲೆ ಕೂತು ಐಸ್‌ಕ್ರೀಮು ತಿನ್ನುತ್ತ, “ದಾಟಲಿಕ್ಕೆ ಆಗುತ್ತದಲ್ಲಪ್ಪಾ” ಎಂದಳು.

ರೈಲಿಗೆ ಇನ್ನೂ ಒಂದೂವರೆ ಗಂಟೆಯಿತ್ತು. ನಾನು ಒಂದು ಟ್ಯಾಕ್ಸಿ ಹಿಡಿದು, ಪ್ರವಾಸಿಗಳು ಸಾಮಾನ್ಯವಾಗಿ ಹೋಗದ ಕಡೆಗೆ ಹೊರಟೆ. ನದಿಯ ಕೆಳಹರಿವಿನಲ್ಲಿ ಕಸ್ಸೀನೆ ಎಂಬ ಉದ್ದನೆಯ ಉದ್ಯಾನವಿದೆ. ಅದರ ಪಶ್ಚಿಮದ ತುದಿಯಲ್ಲಿ, ಮುನ್ಯೋನೆ ಎಂಬ ಹಳ್ಳ ಅರ್ನೊ ನದಿಯನ್ನು ಕೂಡುವಲ್ಲಿ, ಮರಗಳ ನಡುವೆ ಒಂದು ಛತ್ರಿಯ ಮಂಟಪ. ಅದರೊಳಗೆ ಮುಂಡಾಸು ತೊಟ್ಟ ಒಬ್ಬ ತರುಣನ ಬಣ್ಣದ ಎದೆಮೂರ್ತಿ. ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರದ ಮಹಾರಾಜ ರಾಜಾರಾಮ. 1870ರಲ್ಲಿ ಇಂಗ್ಲೆಂಡಿಗೆ ಹೋಗಿ, ಊರಿಗೆ ಹಿಂದಿರುಗುವಾಗ ದಾರಿಯಲ್ಲಿ ಕಾಯಿಲೆ ಬಿದ್ದು, ನವೆಂಬರ್ 30ರಂದು ಇಲ್ಲಿ ತೀರಿಕೊಂಡ. ವಯಸ್ಸು ಇಪ್ಪತ್ತು. ಆಗ ಫ್ಲಾರೆನ್ಸ್ ಇಟಲಿಯ ರಾಜಧಾನಿ. ಹೆಣ ಸುಡುವ ಪದ್ಧತಿಯಿಲ್ಲದ ಆ ದೇಶದಲ್ಲಿ ಅಧಿಕಾರಿಗಳು ವಿಶೇಷ ಅನುಮತಿ ಕೊಟ್ಟರು. ಎರಡು ನೀರು ಕೂಡುವ ಸಂಗಮವನ್ನು ಹುಡುಕಿ ಚಿತೆಯೊಡ್ಡಿದವರು ಜೊತೆಯಲ್ಲಿದ್ದ ಅವನ ಪರಿವಾರದವರು. ಯುರೋಪಿನಲ್ಲಿ ಅವನು ಬರೆದಿಟ್ಟ ದಿನಚರಿ ಎರಡು ವರ್ಷಗಳ ಮೇಲೆ ಲಂಡನ್ನಿನಲ್ಲಿ ಅಚ್ಚಾಯಿತು. ಫುಲ್ಲರ್ ಎಂಬ ಇಂಗ್ಲಿಷ್ ಶಿಲ್ಪಿಯ ಈ ಮೂರ್ತಿಯನ್ನು 1874ರಲ್ಲಿ ನಿಲ್ಲಿಸಿದರು. ಪಕ್ಕದಲ್ಲಿ 1978ರಲ್ಲಿ ತೆರೆದ ಮೋಟಾರು ಸೇತುವೆಗೆ ಇವನಿಂದಾಗಿಯೇ ‘ಇಂಡಿಯನ್ನನ ಸೇತುವೆ’ ಎಂದು ಹೆಸರು. ದಿನವೂ ಅದನ್ನು ದಾಟುವ ಸಾವಿರಾರು ಜನರಲ್ಲಿ ಆ ಇಂಡಿಯನ್ ಯಾರೆಂದು ಬಲ್ಲವರು ಎಷ್ಟು ಮಂದಿಯೋ.

ಮಂಟಪದ ಮುಂದೆ ನಾವಿಬ್ಬರೇ ಇದ್ದೆವು. ಸರದಿಯಿಲ್ಲ, ಟಿಕೆಟ್ಟಿಲ್ಲ. ಬೂದಿ ನೂರೈವತ್ತು ವರ್ಷಗಳ ಹಿಂದೆಯೇ ಅರ್ನೊ ನದಿಯಲ್ಲಿ ಹರಿದುಹೋಗಿದೆ. ಮಗಳು ಕೈಪಿಡಿಯನ್ನು ಚೀಲದಲ್ಲಿ ಹಾಕಿಟ್ಟು ಮೂರ್ತಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಅಸಲಿಯೋ ನಕಲೋ ಎಂದು ಕೇಳಲಿಲ್ಲ. ಟ್ಯಾಕ್ಸಿಯವನು ಗಡಿಯಾರ ತೋರಿಸಿದ. ನಾವು ಸ್ಟೇಷನ್ನಿಗೆ ಹೊರಟೆವು.